ಗೀಟು ಹಾಕದೆ ಬಿಚ್ಚದ ಮೇಸ್ತ್ರಿ

ಕೊಳ್ಳೇಗಾಲದ ಬಸ್ ನಿಲ್ದಾಣದ ಪಕ್ಕ ಲಾರಿ ಡ್ರೈವರುಗಳು ಸೇರಿ ಗಾಡಿ ರಿಪೇರಿಯ ಮೇಸ್ತ್ರಿಗಾಗಿ ನಡೆಸಿದ ಸಂತಾಪ ಸಭೆಯಲ್ಲಿ ಮೂವರು ಮಾತನಾಡಿದರು. ಮೂವರೂ ಸುಳ್ಳು ಹೇಳಿದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳಿದರೆ ಸಾಕು, ಕಾಯಿಲೆ ಹೇಳಿಬಿಡುತ್ತಿದ್ದರು ಎಂದರು ಮೊದಲನೆಯವರು. ಅಗರದ ಯಜಮಾನರ ಇಂಗ್ಲಿಷ್ ಕಾರಿಗೆ ಸೀಬೆ ಮರದ ಕವೆ ಕಡಿದು ಜಾಯಿಂಟು ಮಾಡಿ ಕೂರಿಸಿದ್ದರು ಎಂದರು ಎರಡನೆಯವರು. ಆ ಕಾರಿನಲ್ಲಿ ಯಜಮಾನರ ತೊಡೆಯ ಮೇಲೆ ತುಂಬಿದ ಹಾಲಿನ ಚೊಂಬು ಇಟ್ಟು ಹನೂರಿನವರೆಗೂ ಓಡಿಸಿಕೊಂಡು ಹೋಗಿ ಬಂದರು, ಒಂದು ತೊಟ್ಟೂ ಚೆಲ್ಲಲಿಲ್ಲ ಎಂದರು ಮೂರನೆಯವರು. ಜನ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ.

ನಾನು ಹಿಂದಿನ ಸಾಲಿನಲ್ಲಿದ್ದೆ. ಆ ಕಾರಿನ ಕೆಲಸ ನಡೆದಾಗ ಶೆಡ್ಡಿನಲ್ಲಿ ಕೂತಿದ್ದವನು ನಾನು. ಜಾಯಿಂಟು ಸೀಬೆ ಮರದ್ದಲ್ಲ, ಉಕ್ಕಿನದು. ಹಾಲಿನ ಮಾತಂತೂ ಬೇಡ. ಆ ಕಾಲದ ಹನೂರು ರಸ್ತೆಯಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಹೊರಟರೆ ಕಾಮಗೆರೆ ಬರುವಷ್ಟರಲ್ಲಿ ಬೆಣ್ಣೆ ತೇಲುತ್ತಿತ್ತು. ಒಬ್ಬ ಮನುಷ್ಯನನ್ನು ಪವಾಡಪುರುಷನನ್ನಾಗಿ ಮಾಡುವುದೆಂದರೆ ಅವನ ಕೆಲಸವನ್ನು ಅವನಿಂದ ಕಿತ್ತುಕೊಳ್ಳುವುದು. ಪವಾಡಕ್ಕೆ ಸ್ಪ್ಯಾನರ್ ಬೇಕಾಗಿಲ್ಲ, ಸೀಮೆಎಣ್ಣೆ ಬೇಕಾಗಿಲ್ಲ, ಬೆನ್ನುನೋವು ಬೇಕಾಗಿಲ್ಲ. ಮೇಸ್ತ್ರಿಗೆ ಇವೆಲ್ಲ ಇದ್ದವು. ಎದ್ದು ನಿಂತು ಇದನ್ನು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಶೆಡ್ಡಿಗೆ ಒಂದು ಬೋರ್ಡು ಹಾಕಿಸಿ ಎಂದು ಎಷ್ಟೋ ಜನ ಹೇಳಿದ್ದರು. "ಗಾಡಿ ಕೆಟ್ಟೋನು ಎಂಗಾದ್ರೂ ಉಡುಕ್ಕಂಡು ಬತ್ತಾನೆ. ಕೆಡದೆ ಇರೋನು ನನ್ನ ಎಸ್ರು ಓದ್ಕಂಡು ಏನ್ ಮಾಡಾನು?" ಎನ್ನುವುದು ಅವರ ಉತ್ತರ.

ಕುಳ್ಳಗೆ, ಗಟ್ಟಿಮುಟ್ಟಾಗಿ, ಖಾಕಿ ಚಡ್ಡಿ ಹಾಕಿಕೊಂಡು ಇರುತ್ತಿದ್ದರು. ಎಡಗೈಯ ತೋರುಬೆರಳು ಒಂದು ಗೆಣ್ಣು ಕಡಿಮೆ. ಬಲಗೈಯದೋ? ನಾನು ಎಡಗೈ ಎಂದು ಬರೆದೆ, ಬರೆದ ಕೂಡಲೇ ಅನುಮಾನ ಬಂತು. ಇಡೀ ಎಂಟು ವರ್ಷ ದಿನಾ ನೋಡಿದ ಕೈ ಅದು. ನನ್ನ ನೆನಪಿನ ಯೋಗ್ಯತೆ ಇಷ್ಟು ಎಂದು ಓದುಗರು ಈಗಲೇ ತಿಳಿದಿರುವುದು ಒಳ್ಳೆಯದು.

ಕೆಲಸ ಕಲಿತದ್ದು ಕೊಯಮತ್ತೂರಿನಲ್ಲಿ. ಆಗ ಕೊಳ್ಳೇಗಾಲ ಆ ಜಿಲ್ಲೆಗೇ ಸೇರಿತ್ತು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ನಮ್ಮ ತಾಲ್ಲೂಕು ಮೈಸೂರಿಗೆ ಬಂತು. "ರಾತ್ರಿ ಮದ್ರಾಸಲ್ಲಿ ಮನಿಕಂಡೆ, ಬೆಳಿಗ್ಗೆ ಮೈಸೂರಲ್ಲಿ ಎದ್ದೆ. ಸ್ಪ್ಯಾನರ್ ಸೈಜು ಮಾತ್ರ ಅದೇಯ" ಎನ್ನುತ್ತಿದ್ದರು. ಅದಾದ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಕೊಳ್ಳೇಗಾಲದ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟರಾಗಿ ಬಂದೆ. ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲ. ಊರಲ್ಲಿ ಎಲ್ಲರೊಡನೆ ಜಗಳವಾಡಿ ಮುಗಿಸಿದ ಮೇಲೆ ಉಳಿದದ್ದು ಮೇಸ್ತ್ರಿಯ ಶೆಡ್ಡು. ಹಳೇ ಲಾರಿಯ ಸೀಟೊಂದನ್ನು ಇಟ್ಟಿಗೆಗಳ ಮೇಲಿಟ್ಟು ಬೆಂಚು ಮಾಡಿದ್ದರು. ಸ್ಕೂಲು ಬಿಟ್ಟ ಕೂಡಲೇ ಅಲ್ಲಿ ಹೋಗಿ ಕೂರುತ್ತಿದ್ದೆ. ಯಾರು ಏನು ಹೇಳಿದರೂ "ಪುರಾವೆ ಏನು?" ಎಂದು ಕೇಳುವುದು ನನ್ನ ಚಾಳಿ. ಬೆಟ್ಟದ ದೇವರ ಮಹಿಮೆ ಹೇಳಿದವರನ್ನೂ ಬಿಡುತ್ತಿರಲಿಲ್ಲ, ಸರ್ಕಾರದ ಯೋಜನೆ ಹೊಗಳಿದವರನ್ನೂ ಬಿಡುತ್ತಿರಲಿಲ್ಲ. ಮೇಸ್ತ್ರಿ ನಗುತ್ತಿದ್ದರು. "ಸಾ, ನೀವು ಕಾಫಿ ಕುಡಿಯಕ್ಕೆ ಮುಂಚೆ ಹಾಲು ಕೊಟ್ಟ ಹಸೂನ ಕಣ್ಣಾರೆ ನೋಡ್ಬೇಕು ಅಂತೀರಾ ಎಂಗೆ?"

ದೊಡ್ಡವರ ಮುಂದೆ ಬಗ್ಗುವುದು ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ಯಾವುದೋ ಇಲಾಖೆಯ ಅಧಿಕಾರಿ ಜೀಪು ತಂದು ನಿಲ್ಲಿಸಿ ಹಾರನ್ ಬಾರಿಸಿದರು. ಮೇಸ್ತ್ರಿ ಲಾರಿಯ ಕೆಳಗೆ ಮಲಗಿದ್ದರು, ಕಾಲು ಮಾತ್ರ ಹೊರಗೆ. "ಯಾರಯ್ಯಾ, ಎದ್ದು ಬಾ" ಎಂದು ಅಧಿಕಾರಿ ಕೂಗಿದರು. ಲಾರಿಯ ಕೆಳಗಿನಿಂದ ಮಾತು ಬಂತು: "ತಲೆ ಕೆಲ್ಸದಲ್ಲಿ ಅದೆ ಸಾ. ಕಾಲು ಬಿಡುವಾಗಿ ಅವೆ, ಅದಕ್ಕೇ ಯೋಳಿ." ಅಧಿಕಾರಿ ಜೀಪಿನಿಂದ ಇಳಿದು ಬಂದು, ನಿಜವಾಗಿಯೂ ಆ ಕಾಲುಗಳಿಗೇ ತಮ್ಮ ಜೀಪಿನ ಕಷ್ಟ ಹೇಳಿಕೊಂಡರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ಯಾವ ಭಾಗವನ್ನು ಬಿಚ್ಚುವ ಮೊದಲೂ ಉಳಿಯಂಥ ಚಾಣವಿಟ್ಟು, ಸೇರುವ ಎರಡು ತುಂಡುಗಳ ಮೇಲೂ ಹಾದುಹೋಗುವಂತೆ ಒಂದು ಗೀಟು ಹಾಕುತ್ತಿದ್ದರು. ತಿರುಗಿ ಕೂಡಿಸುವಾಗ ಗೀಟಿಗೆ ಗೀಟು ಕೂಡಬೇಕು. "ಬಿಚ್ಚೋದು ಕೋತಿಗೂ ಬತ್ತದೆ ಸಾ. ಇದ್ದಂಗೆ ಇಡೋದು ಮನುಷಂಗೆ ಬತ್ತದೆ, ಅದೂ ಎಲ್ಲಾ ಮನುಷಂಗೂ ಅಲ್ಲ." ಈ ಅಭ್ಯಾಸ ಮನೆಯವರೆಗೂ ಹೋಗಿತ್ತು. ಬಾಡಿಗೆ ಮನೆ ಬದಲಾಯಿಸುವಾಗ ಮಂಚದ ಕಾಲಿಗೆ ಗೀಟು, ಬಾಗಿಲಿನ ಅಗುಳಿಗೆ ಗೀಟು. ಶೆಡ್ಡಿಗೆ ಬುತ್ತಿ ತರುತ್ತಿದ್ದ ಅವರ ಹೆಂಡತಿ, "ನಂಗೂ ಒಂದು ಗೀಟು ಆಕ್ಬುಡಿ, ಎಲ್ಲಿಂದ ತಂದ್ರಿ ಅಂತ ಮರ್ತೋದಾತು" ಎಂದು ನಮ್ಮೆಲ್ಲರ ಎದುರಿಗೇ ಕಿಚಾಯಿಸುತ್ತಿದ್ದರು. ಸದ್ದು ಕೇಳಿ ಕಾಯಿಲೆ ಹೇಳಿದರು ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ಮೇಸ್ತ್ರಿ ಕಿವಿಯನ್ನೂ ನಂಬುತ್ತಿರಲಿಲ್ಲ, ನೆನಪನ್ನೂ ನಂಬುತ್ತಿರಲಿಲ್ಲ. ಗೀಟನ್ನು ನಂಬುತ್ತಿದ್ದರು.

ಇನ್ನು ಆ ಕಾರು. ಬೆಟ್ಟದ ಮೇಲಿನ ಒಂದು ಕಾಫಿ ತೋಟದ ಬಿಳಿಯ ಮ್ಯಾನೇಜರು ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಗಾಡಿ. ಇಬ್ಬರೇ ಕೂರುವಂಥದು, ಮೇಲೆ ಸೂರಿಲ್ಲ, ಉದ್ದನೆಯ ಮೂತಿ, ಸೈಕಲ್ಲಿನ ಹಾಗೆ ತಂತಿಯ ಚಕ್ರ. ನನ್ನ ನೆನಪಿನಲ್ಲಿ ಅದರ ಬಣ್ಣ ಹಸಿರು. ಅದನ್ನು ಕೊಂಡವರು ಯಳಂದೂರು ಸೀಮೆಯ ಅಗರದ ಯಜಮಾನರು. ನೂರಾರು ಎಕರೆ ಜಮೀನು, ಎರಡು ಲಾರಿ, ಹಣೆಯ ಮೇಲೆ ಅಗಲವಾದ ವಿಭೂತಿ. ಎಲ್ಲರೂ ಅವರನ್ನು "ಬುದ್ಧಿ" ಎಂದು ಕರೆದರೆ ಮೇಸ್ತ್ರಿ ಒಬ್ಬರು ಮಾತ್ರ "ಯಜಮಾನ್ರೇ" ಎನ್ನುತ್ತಿದ್ದರು. ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರು ಮೇಸ್ತ್ರಿಯ ಶೆಡ್ಡು ನಿಂತಿದ್ದದ್ದು ಈ ಯಜಮಾನರ ಜಾಗದಲ್ಲಿ. ಊರಿನಲ್ಲಿ ಅಷ್ಟು ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಬಂದ ಬಸ್ಸು, ಹೋದ ಲಾರಿ ಎಲ್ಲವೂ ಅದರ ಮುಂದೆಯೇ ಹಾಯಬೇಕು.

ಆ ಕಾರು ಹೊರಡುವಾಗ ಹೊಟ್ಟೆಯ ಕೆಳಗೆ ಟಕ್ ಎಂದು ಬಡಿಯುತ್ತಿತ್ತು, ವೇಗ ಹೆಚ್ಚಿದರೆ ಗುರ್ ಎಂದು ನಡುಗುತ್ತಿತ್ತು. ಮೈಸೂರಿನ ಒಂದು ಗ್ಯಾರೇಜಿನ ಎಂಜಿನಿಯರು ನೋಡಿ, ಇಡೀ ಶಾಫ್ಟನ್ನೇ ಇಂಗ್ಲೆಂಡಿನಿಂದ ತರಿಸಬೇಕು, ಅದು ಈಗ ಬರುವುದಿಲ್ಲ, ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಎಂದರಂತೆ. ಮೇಸ್ತ್ರಿ ಕೆಳಗೆ ನುಸುಳಿ, ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ತಿರುವಿ ನೋಡಿ ಹೊರಬಂದರು.

"ಶಾಫ್ಟು ಕಲ್ಲಿದ್ದಂಗದೆ. ಸವೆದಿರೋದು ಎರಡು ಕ್ರಾಸು. ಅದ್ನ ಬದ್ಲಾಯಿಸಿದ್ರೆ ಓಡ್ತದೆ."

"ಮೈಸೂರಿನ ಎಂಜಿನಿಯರ್‌ಗೆ ಗೊತ್ತಿಲ್ದಿದ್ದು ನಿಂಗೆ ಗೊತ್ತೇನಯ್ಯಾ?" ಎಂದರು ಯಜಮಾನರು.

"ಅವ್ರು ನಿಂತ್ಕಂಡು ನೋಡವ್ರೆ. ನಾನು ಮನಿಕಂಡು ನೋಡಿವ್ನಿ."

ಯಜಮಾನರು ನಗಲಿಲ್ಲ. "ಮಾಡು. ಆದ್ರೆ ಇದು ಲಾರಿಯಲ್ಲ. ಒಂದು ಗೀಟು ಬೀಳ್ಕೂಡ್ದು. ಕೆಡಿಸಿದ್ರೆ ಶೆಡ್ಡು ಖಾಲಿ ಮಾಡ್ಬೇಕಾಯ್ತದೆ, ತಿಳ್ಕೊ" ಎಂದರು. ಅವರು ಹೇಳಿದ್ದು ಬಣ್ಣದ ಮೇಲಿನ ಗೀಟಿನ ಬಗ್ಗೆ ಇರಬಹುದು. ಮೇಸ್ತ್ರಿ ಅದನ್ನು ಇಡೀ ಕಾರಿನ ಬಗ್ಗೆ ಎಂದೇ ತೆಗೆದುಕೊಂಡರು. ಚಾಣವನ್ನು ಮುಟ್ಟಲಿಲ್ಲ. ಎಲೆಅಡಿಕೆಯ ಸುಣ್ಣ ತೆಗೆದು ಶಾಫ್ಟಿನ ಮೇಲೆ ಬೆರಳಲ್ಲಿ ಗೆರೆ ಎಳೆದರು.

ಈ ಕೆಲಸದ ಬಗ್ಗೆ ತಿಳಿಯದವರಿಗೆ ಎರಡು ಮಾತು ಹೇಳಬೇಕು. ಎಂಜಿನ್ನಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉಕ್ಕಿನ ಕೊಳವೆಯೇ ಶಾಫ್ಟು. ಅದು ಎರಡು ತುಂಡು. ಒಂದರೊಳಗೆ ಒಂದು ಹಲ್ಲಿಗೆ ಹಲ್ಲು ಕೂತು ಜಾರುತ್ತದೆ. ಶಾಫ್ಟಿನ ಎರಡು ತುದಿಗೂ ಒಂದೊಂದು ಜಾಯಿಂಟು. ಎದುರುಬದುರಾಗಿ ಎರಡು ಕವೆ, ನಡುವೆ ನಾಲ್ಕು ಕೈಯ ಉಕ್ಕಿನ ತುಂಡು. ಅದೇ ಕ್ರಾಸು. ನಾಲ್ಕು ಕೈಗೂ ಒಂದೊಂದು ಟೊಪ್ಪಿ, ಟೊಪ್ಪಿಯೊಳಗೆ ಸುತ್ತಲೂ ಸೂಜಿಯಂಥ ಸಣ್ಣ ಉಕ್ಕಿನ ಕಡ್ಡಿಗಳು. ಗಾಡಿ ಎದ್ದುಬಿದ್ದು ಓಡುವಾಗ ಶಾಫ್ಟು ಬಾಗಿಯೂ ತಿರುಗುವುದು ಈ ಸೂಜಿಗಳ ದಯೆಯಿಂದ.

ಸವೆದ ಕ್ರಾಸನ್ನು ಮೇಸ್ತ್ರಿ ಟವೆಲ್ಲಿನಲ್ಲಿ ಕಟ್ಟಿ ಸೊಂಟಕ್ಕೆ ಸುತ್ತಿಕೊಂಡು ಬಸ್ಸು ಹತ್ತಿ ಈರೋಡಿಗೆ ಹೋದರು. ಮಿಲಿಟರಿಯವರು ಮಾರಿದ ಹಳೇ ಜೀಪುಗಳ ಸಾಮಾನು ಸಿಗುವ ಬೀದಿ ಅಲ್ಲಿತ್ತು. ಮೂರನೆಯ ದಿನ ಎರಡು ಕ್ರಾಸು ತಂದರು. "ಅಳವು ಸರಿಯಾ ಇರುಕ್ಕಾ, ಅಳತೆ ಸರಿ ಅದಾ ಅಂತ ಅಂಗಡಿಯೋನೇ ನನ್ನ ಕೇಳ್ದ. ಇರಾಕಿಲ್ಲ ಅಂದ್ರೆ ಇರಂಗೆ ಮಾಡ್ತೀನಿ ಅಂದೆ." ಟೊಪ್ಪಿ ಕವೆಯ ತೂತಿಗಿಂತ ಕೂದಲೆಳೆಯಷ್ಟು ದಪ್ಪವಿತ್ತು. ಒಂದು ಹಗಲೆಲ್ಲ ಕವೆಯ ತೂತುಗಳನ್ನು ಉಪ್ಪುಕಾಗದದಿಂದ ಉಜ್ಜಿದರು. ಹತ್ತು ಸಲ ಉಜ್ಜುವುದು, ಅಳೆಯುವುದು, ಮತ್ತೆ ಹತ್ತು ಸಲ.

ಆಮೇಲೆ ಸೂಜಿ ಕೂರಿಸುವುದು. ಟೊಪ್ಪಿಯೊಳಗೆ ಗ್ರೀಸು ಬಳಿದು ಒಂದೊಂದೇ ಸೂಜಿಯನ್ನು ಗೋಡೆಗೆ ಒರಗಿಸಿದ ಹಾಗೆ ನಿಲ್ಲಿಸುತ್ತಾ ಹೋಗಬೇಕು. ಅವತ್ತು ನಾನೂ ಎರಡು ಟೊಪ್ಪಿ ತುಂಬಿದೆ. ವೈಸಿನ ಕಬ್ಬಿಣದ ದವಡೆಯಲ್ಲಿಟ್ಟು ಒತ್ತಿದಾಗ ಏಳು ಟೊಪ್ಪಿ ಸರಿಯಾಗಿ ಇಳಿದವು. ಒಂದು ಮಾತ್ರ ದಾರದಷ್ಟು ಹೊರಗೆ ನಿಂತಿತು, ಅದನ್ನು ಹಿಡಿದಿಡುವ ಲಾಕು ಕೂರಲಿಲ್ಲ. ಇನ್ನೊಂದು ಪೆಟ್ಟು ಕೊಡಿ ಎಂದೆ.

"ಒಳಗೆ ಯಾರೋ ಮನಿಕಂಡವ್ನೆ. ಒಡೆದ್ರೆ ಸಾಯ್ತಾನೆ" ಎಂದು ಟೊಪ್ಪಿ ತೆಗೆದರು. ತಳದಲ್ಲಿ ಒಂದು ಸೂಜಿ ಅಡ್ಡ ಬಿದ್ದಿತ್ತು. ನಾನು ತುಂಬಿದ ಟೊಪ್ಪಿಯೇ ಅದು. ಅವರು ಅದನ್ನು ಹೇಳಲಿಲ್ಲ. ಸೂಜಿಯನ್ನು ಎತ್ತಿ ನಿಲ್ಲಿಸಿ, "ಬಾಪ್ಪಾ, ಡ್ಯೂಟಿ ಮಾಡು" ಎಂದರು.

ಇಷ್ಟು ಆಗುವ ಹೊತ್ತಿಗೆ ಆಯುಧಪೂಜೆ ಬಂತು. ಆವತ್ತು ಶೆಡ್ಡಿನಲ್ಲಿ ಕೆಲಸವಿಲ್ಲ. ಮೇಸ್ತ್ರಿಯ ಹೆಂಡತಿ ಪ್ರತಿ ವರ್ಷದಂತೆ ಬೂದಿ, ಹುಣಿಸೆಹಣ್ಣು, ಸೀಮೆಎಣ್ಣೆ ಹಿಡಿದು ಬಂದರು. ಸ್ಪ್ಯಾನರು, ಸುತ್ತಿಗೆ, ವೈಸು, ಬಿಚ್ಚಿಟ್ಟ ಪ್ರತಿಯೊಂದು ಭಾಗ, ಎಲ್ಲವನ್ನೂ ಹಿತ್ತಾಳೆ ಕೊಳದಪ್ಪಲೆ ಬೆಳಗುವ ಹಾಗೆ ಬೆಳಗಿದರು. ಶಾಫ್ಟಿನ ಎರಡು ತುಂಡುಗಳನ್ನೂ ಬೇರೆ ಮಾಡಿ ತಿಕ್ಕಿ ತೊಳೆದು, ವಿಭೂತಿ ಎಳೆದು, ಕುಂಕುಮವಿಟ್ಟು ಚೆಂಡುಹೂ ಮುಡಿಸಿದರು. ಇಂಗ್ಲೆಂಡಿನ ಶಾಫ್ಟು ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ಸುಣ್ಣದ ಗೆರೆ ಹೋಗಿತ್ತು.

ಮಾರನೆಯ ದಿನ ಮೇಸ್ತ್ರಿ ಆ ತುಂಡುಗಳನ್ನು ತಿರುವಿ ತಿರುವಿ ಗೆರೆ ಹುಡುಕಿದರು.

"ವರ್ಸವರ್ಸ ತೊಳಿ ಅನ್ನೋರು ನೀವೇಯ" ಎಂದರು ಹೆಂಡತಿ, ಅಳುವ ಹಾಗಾಗಿ.

"ನಿನ್ನ ತಪ್ಪಲ್ಲ ಬುಡು. ಸುಣ್ಣ ನಂಬ್ದೋನು ನಾನು" ಎಂದು ಶಾಫ್ಟಿನ ತುಂಡುಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನಂಗೇನೋ ಈ ಕಡೆ ಕವೆ, ಆ ಕಡೆ ಕವೆ ಎರಡೂ ಒಂದೇ ನೇರಕ್ಕೆ ಇದ್ದಂಗೆ ಜ್ಞಾಪಕ ಸಾ. ಎತ್ತಿನ ಎರಡು ಕೊಂಬು ಇದ್ದಂಗೆ."

ನಾನು ಲಾರಿ ಸೀಟಿನಿಂದ ಎದ್ದೆ. ಅಲ್ಲಿಯವರೆಗೆ ಆ ಶೆಡ್ಡಿನಲ್ಲಿ ನನ್ನ ಓದಿಗೆ ಕೆಲಸವೇ ಸಿಕ್ಕಿರಲಿಲ್ಲ. ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದೆ. ಒಂದು ಜಾಯಿಂಟು ಬಾಗಿ ತಿರುಗುವಾಗ ಶಾಫ್ಟು ಒಂದೇ ಸಮನೆ ಓಡುವುದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ; ಈ ಏರುಪೇರನ್ನು ಎರಡನೆಯ ಜಾಯಿಂಟು ಅಳಿಸಬೇಕು; ಅಳಿಸಬೇಕಾದರೆ ಅದು ಉಲ್ಟಾ ನಿಲ್ಲಬೇಕು; ಅಂದರೆ ಒಂದು ಕವೆ ನೆಟ್ಟಗಿದ್ದರೆ ಇನ್ನೊಂದು ಅಡ್ಡಕ್ಕಿರಬೇಕು. ಮೊದಲ ಮೂರು ಮಾತು ಸರಿ. ಕೊನೆಯದು ತಪ್ಪು.

"ಬುಕ್ಕಲ್ಲಿ ಇಂಗೇ ಅದಾ ಸಾ?" ಎಂದು ಮೇಸ್ತ್ರಿ ಕೇಳಿದರು.

"ಹೀಗೇ ಇದೆ" ಎಂದೆ.

ಆ ಪುಸ್ತಕ ನನ್ನ ರೂಮಿನಲ್ಲಿತ್ತು. ಹತ್ತು ನಿಮಿಷದ ದಾರಿ. ದೇವರಿಂದ ಹಿಡಿದು ಸರ್ಕಾರದವರೆಗೆ ಎಲ್ಲರ ಹತ್ತಿರ ಪುರಾವೆ ಕೇಳುತ್ತಿದ್ದವನು ನನ್ನ ನೆನಪನ್ನು ಮಾತ್ರ ಕೇಳಲಿಲ್ಲ. ಮೇಸ್ತ್ರಿ ಬಾಗಿಲನ್ನೊಮ್ಮೆ, ಶಾಫ್ಟನ್ನೊಮ್ಮೆ ನೋಡಿದರು. ಒಂದು ಕವೆಯನ್ನು ಕಾಲು ಸುತ್ತು ತಿರುಗಿಸಿ ಅಡ್ಡಕ್ಕೆ ಕೂಡಿಸಿದರು.

ಯಜಮಾನರು ಅವತ್ತೇ ಕಾರು ತೆಗೆದುಕೊಂಡು ಹೋದರು. ಊರೊಳಗೆ ನಿಧಾನವಾಗಿ ಹೋಗುವಾಗ ಟಕ್ ಎನ್ನುವ ಬಡಿತ ಹೋಗಿತ್ತು. ನಾನು ಚಪ್ಪಾಳೆ ತಟ್ಟಿದೆನೆಂದು ತೋರುತ್ತದೆ. ಸಂಜೆ ಅಗರದಿಂದ ಸುದ್ದಿ ಬಂತು: ಊರಾಚೆ ವೇಗ ಹೆಚ್ಚಿಸಿದ್ದೇ ತಡ ಕಾರು ಮೊದಲಿಗಿಂತ ಹತ್ತು ಪಾಲು ನಡುಗಿತಂತೆ, ಎತ್ತು ಕಟ್ಟಿ ಎಳೆದು ಮನೆಗೆ ತಂದರಂತೆ. ನಾನು ರೂಮಿಗೆ ಓಡಿ ಪುಸ್ತಕ ತೆಗೆದೆ. ಚಿತ್ರದಲ್ಲಿ ಶಾಫ್ಟಿನ ಎರಡು ಕವೆಗಳೂ ಒಂದೇ ನೇರಕ್ಕಿದ್ದವು. ಎತ್ತಿನ ಎರಡು ಕೊಂಬು ಇದ್ದಂಗೆ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಯಜಮಾನರ ಲಾರಿಯೊಂದು ಆ ಕಾರನ್ನು ಎಳೆದು ತಂದಿತ್ತು. ಬಸ್ಸಿಗೆ ಬಂದ ಜನವೆಲ್ಲ ಸುತ್ತ ನಿಂತಿದ್ದರು. ತಗಡಿನ ಬಾಗಿಲ ಮೇಲೆ ನನ್ನ ಚಿತ್ರವಿರಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಯಾರೋ ಒರೆಸಿದ್ದರು, ಒದ್ದೆ ಇನ್ನೂ ಆರಿರಲಿಲ್ಲ.

"ಏನಯ್ಯಾ, ಇದೇನಾ ನಿನ್ನ ಮದ್ರಾಸು ಕೆಲ್ಸ?" ಎಂದು ಯಜಮಾನರು ಕೂಗಿದರು. "ಮಾಂಬಳ್ಳಿ ತಲುಪೋದ್ರೊಳಗೆ ನನ್ನ ಹಲ್ಲೆಲ್ಲಾ ಅಲ್ಲಾಡೋದ್ವು."

"ಹಲ್ಲಿಗೆ ನಾನು ಕೈ ಆಕಿಲ್ಲ ಯಜಮಾನ್ರೇ. ಶಾಫ್ಟಿನ ಮಾತಾಡಿ."

ಜನ ನಕ್ಕರು. ಯಜಮಾನರ ಮುಖ ಕೆಂಪಾಯಿತು. "ಸೋಮವಾರದೊಳಗೆ ಶೆಡ್ಡು ಖಾಲಿ ಆಗ್ಬೇಕು."

"ಆಗ್ಲಿ. ಮೊದ್ಲು ಇದ್ನ ನಿಮ್ಮ ಮುಂದೇನೇ ಬಿಚ್ತೀನಿ. ತಪ್ಪು ನಂದಾದ್ರೆ ಸೋಮವಾರದಗಂಟ ಯಾಕೆ, ಇವತ್ತೇ ನನ್ನ ಕೈಯಾರೆ ಬೀಗ ಜಡೀತೀನಿ. ನಂದಲ್ಲ ಅಂದ್ರೆ ಪೊಲೀಸ್ನೋರು ಬಂದ್ರೂ ಓಗಕಿಲ್ಲ."

ಶಾಫ್ಟನ್ನು ಇಳಿಸಿದರು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಕವೆಯನ್ನು ಕಾಲು ಸುತ್ತು ತಿರುಗಿಸಿ ಒಂದೇ ನೇರಕ್ಕೆ ತಂದರು. ಆಮೇಲೆ ಚಾಣ ತೆಗೆದುಕೊಂಡರು.

"ಗೀಟು ಬ್ಯಾಡ ಅಂದಿದ್ದೆ" ಎಂದರು ಯಜಮಾನರು.

"ಗೀಟು ಬ್ಯಾಡ ಅನ್ನೋರು ಕಾರು ತಕಂಡು ಓಗಬೌದು" ಎಂದು ಮೇಸ್ತ್ರಿ ಎರಡು ತುಂಡಿಗೂ ಸೇರಿ ಒಂದು ಗೀಟು ಕಡಿದರು. ಅಷ್ಟು ದೊಡ್ಡ ಗೀಟನ್ನು ಅವರು ಲಾರಿಗೂ ಹಾಕಿದ್ದನ್ನು ನಾನು ನೋಡಿರಲಿಲ್ಲ. ಶಾಫ್ಟನ್ನು ಕೂರಿಸಿ, ಕೈ ಒರೆಸಿಕೊಂಡು, ಸ್ಟಿಯರಿಂಗಿನ ಹಿಂದೆ ತಾವೇ ಕೂತರು. "ಬನ್ನಿ ಯಜಮಾನ್ರೇ, ಹನೂರ್ಗಂಟ ಓಗಿ ಬರವಾ."

ಇಬ್ಬರೇ ಕೂರುವ ಕಾರು. ಅದರೊಳಗೆ ನಡೆದದ್ದನ್ನು ಕಂಡವರು ಇನ್ಯಾರೂ ಇಲ್ಲ. ಚೊಂಬು ಹಿಡಿದವರೂ ಇಲ್ಲ. ನಾನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕಾದು ಕೂತೆ. ಬಿಸಿಲು ನೆತ್ತಿಗೇರಿದ ಮೇಲೆ ಕಾರು ಬಂತು. ಈಗ ಓಡಿಸುತ್ತಿದ್ದವರು ಯಜಮಾನರು, ಅವರ ಎಡಗೈ ಎರಡು ಸೀಟಿನ ನಡುವಿನ ದಿಣ್ಣೆಯ ಮೇಲಿತ್ತು. ಶಾಫ್ಟು ತಿರುಗುವುದು ಅದರ ಕೆಳಗೇ. ಮಗುವಿನ ಜ್ವರ ನೋಡುವವರ ಹಾಗೆ ಅಂಗೈ ಒತ್ತಿಕೊಂಡೇ ಕಾರು ನಿಲ್ಲಿಸಿದರು. ಮೇಸ್ತ್ರಿ ಇಳಿದು ಶೆಡ್ಡಿನೊಳಗೆ ಹೋದರು. ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ತುಂಬಿದರು. ಇಬ್ಬರು ಡ್ರೈವರುಗಳನ್ನು ಕರೆದು ವೈಸನ್ನು ಹೊರಗೆ ಇಡಿಸಿದರು. ಬಾಗಿಲು ಹಾಕಿ, ಬೀಗ ಜಡಿದು, ಕೀಲಿಯನ್ನು ಯಜಮಾನರ ಸೀಟಿನ ಮೇಲಿಟ್ಟರು.

ಇಲ್ಲಿ ನನ್ನ ನೆನಪು ಒಂದು ದೃಶ್ಯ ತೋರಿಸುತ್ತದೆ. ನಾನು ಗುಂಪನ್ನು ಸೀಳಿಕೊಂಡು ಮುಂದೆ ಹೋಗಿ, "ತಪ್ಪು ಮೇಸ್ತ್ರಿಯದಲ್ಲ, ನನ್ನದು" ಎಂದು ಗಟ್ಟಿಯಾಗಿ ಹೇಳುತ್ತೇನೆ. ಜನ ತಿರುಗಿ ನೋಡುತ್ತಾರೆ. ಬಹಳ ಸ್ಪಷ್ಟವಾದ ನೆನಪು. ನನ್ನ ಅಂಗಿಯ ಬಣ್ಣ ಕೂಡ ಗೊತ್ತು. ಎಷ್ಟೋ ವರ್ಷ ಇದನ್ನು ನಂಬಿಕೊಂಡು ಬದುಕಿದೆ. ಆದರೆ ಅವತ್ತು ಅಲ್ಲಿದ್ದ ಡ್ರೈವರುಗಳಲ್ಲಿ ಒಬ್ಬರಿಗೂ ಇದು ನೆನಪಿಲ್ಲ. ಮೇಲಾಗಿ, ನಾನು ಹೇಳಿದ್ದರೆ ಮೇಸ್ತ್ರಿಯ ತಪ್ಪು ಅಲ್ಲಿಗೆ ಮುಗಿಯುತ್ತಿತ್ತು, ಶೆಡ್ಡು ಉಳಿಯುತ್ತಿತ್ತು. ಶೆಡ್ಡು ಉಳಿಯಲಿಲ್ಲ. ಆದ್ದರಿಂದ ನಾನು ಹೇಳಲಿಲ್ಲ.

ಮೇಸ್ತ್ರಿ ಹನೂರು ರಸ್ತೆಯಲ್ಲಿ ಊರಾಚೆ ಒಂದು ಹುಣಿಸೆ ಮರದ ಕೆಳಗೆ ವೈಸು ನೆಟ್ಟರು. ಸಾಯುವವರೆಗೂ ಅಲ್ಲೇ ಕೆಲಸ ಮಾಡಿದರು. ಮಳೆ ಬಂದರೆ ಲಾರಿಯ ಕೆಳಗೆ ಕೂರುವುದು, ಬಿಸಿಲಾದರೆ ಮರದ ನೆರಳಿನ ಜೊತೆಗೆ ತಾವೂ ಸರಿಯುವುದು. ಬಸ್ ನಿಲ್ದಾಣದ ಎದುರಿನ ಗಿರಾಕಿಗಳಲ್ಲಿ ಅರ್ಧ ಜನ ಅಷ್ಟು ದೂರ ಬರಲಿಲ್ಲ. ಯಜಮಾನರ ಲಾರಿಗಳು ಮಾತ್ರ ಬಂದವು. ಮೇಸ್ತ್ರಿ ಬೇಡ ಎನ್ನಲಿಲ್ಲ. "ಗಾಡಿ ಏನ್ ಪಾಪ ಮಾಡ್ತು?" ಶೆಡ್ಡಿಗೆ ವಾಪಸ್ಸು ಬಾ ಎಂದು ಯಜಮಾನರು ಎರಡು ಸಲ ಹೇಳಿಕಳಿಸಿದರು. "ಇಲ್ಲಿ ಸೂರಿಲ್ಲ, ಖಾಲಿ ಮಾಡು ಅನ್ನೋರೂ ಇಲ್ಲ ಅಂತ ಯೋಳು" ಎಂದು ಡ್ರೈವರನ್ನು ಹಿಂದಕ್ಕೆ ಕಳಿಸಿದರು. ನನ್ನೊಡನೆ ಅವರ ಮಾತು ಮೊದಲಿನಂತೆಯೇ ಇತ್ತು. ಲಾರಿ ಸೀಟನ್ನೂ ಮರದ ಕೆಳಗೆ ತಂದಿದ್ದರು. ನಾನು ಹೋಗುವುದನ್ನು ಕಡಿಮೆ ಮಾಡಿದೆ, ಆಮೇಲೆ ಬೇರೆ ಊರಿನ ಕೆಲಸ ಹಿಡಿದೆ, ಅದನ್ನೂ ಬಿಟ್ಟೆ.

ಕಾರಿನೊಳಗೆ ನಡೆದ ಮಾತು ನನಗೆ ತಿಳಿದದ್ದು ಹಲವು ವರ್ಷಗಳಾದ ಮೇಲೆ, ಯಳಂದೂರಿನ ಒಂದು ಮದುವೆಯಲ್ಲಿ. ಯಜಮಾನರು ಮುದುಕರಾಗಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು.

"ಬರೋವಾಗ ಕಾಮಗೆರೆ ದಾಟಿದ ಮ್ಯಾಲೆ ಗಾಡಿ ನಿಲ್ಲಿಸ್ದೆ, ಮೇಷ್ಟ್ರೇ" ಎಂದರು. "ಮೇಸ್ತ್ರಿಗೆ, ನೀನು ಇಂಥಾ ತಪ್ಪು ಮಾಡೋನಲ್ಲ, ಯಾರೋ ಯೋಳ್ಕೊಟ್ಟವ್ರೆ. ಆ ಎಸ್ರು ಯೋಳು, ಶೆಡ್ಡು ನಿಂದೇಯ ಅಂದೆ. ಏನಂದ ಗೊತ್ತಾ? ನಟ್ಟು ತಿರುವಿದ ಕೈ ನಂದು ಅಂದ. ಅಷ್ಟೇಯ. ಇನ್ನೊಂದು ಮಾತಿಲ್ಲ." ಎಲೆಯ ಮೇಲಿನ ಅನ್ನಕ್ಕೆ ಗುಳಿ ಮಾಡುತ್ತಾ ನನ್ನ ಕಡೆ ತಿರುಗಿದರು. "ನೀವು ದಿನಾ ಅಲ್ಲೇ ಕೂತಿರ್ತಿದ್ರಿ. ಯಾರದು?"

"ಗೊತ್ತಿಲ್ಲ" ಎಂದೆ.

ಈ ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ. ನನ್ನನ್ನು ಒಳ್ಳೆಯವನನ್ನಾಗಿ ತೋರಿಸುವ ನೆನಪುಗಳನ್ನು ಮಾತ್ರ ನಾನು ಈಗ ಪರೀಕ್ಷೆ ಮಾಡುತ್ತೇನೆ.

ಸಂತಾಪ ಸಭೆ ಮುಗಿದ ಮೇಲೆ ಮೇಸ್ತ್ರಿಯ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತು ಸ್ಪ್ಯಾನರುಗಳನ್ನು ತಿಕ್ಕುತ್ತಿದ್ದರು. ಹಬ್ಬವಿರಲಿಲ್ಲ. ಬಾಗಿಲ ಮೇಲಿನ ಚಿತ್ರ ನನ್ನದು, ಅಡ್ಡಕ್ಕೆ ಕೂರಿಸಿ ಎಂದವನು ನಾನು, ಇದನ್ನೆಲ್ಲ ಬರೆದು ಅಚ್ಚು ಹಾಕಿಸುತ್ತೇನೆ ಎಂದೆ. ಅವರು ತಲೆ ಎತ್ತಲಿಲ್ಲ.

"ನಂಗೆ ಗೊತ್ತಿಲ್ವಾ? ನಾನೂ ಅಲ್ಲೇ ಇದ್ನಲ್ಲಾ ಅವತ್ತು. ಜನ ಏನಂತಾವ್ರೆ? ಅವರು ಒಂದು ತಪ್ಪೂ ಮಾಡ್ನಿಲ್ಲ ಅಂತಾವ್ರೆ. ನೀವು ಬರುದ್ರೆ ನೀವು ತೊಳ್ಕಂಡಂಗಾಯ್ತದೆ. ಅವರಿಗೆ ಒಂದು ತಪ್ಪು ಅಂಟ್ತದೆ."

"ಹೌದು" ಎಂದೆ. "ಆದರೆ ಅವರು ಶೆಡ್ಡು ಬಿಟ್ಟದ್ದು ಏಕೆ ಎಂದು ಯಾರಿಗೂ ಗೊತ್ತಿಲ್ಲ. ಯಜಮಾನರಿಗೆ ಸೋತು ಬಿಟ್ಟರು ಅಂತ ತಿಳಿದಿದ್ದಾರೆ."

ಅವರ ಕೈ ನಿಂತಿತು. ಸ್ಪ್ಯಾನರನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟರು. "ಬರೀರಿ ಅಂಗಾದ್ರೆ. ಯಾರ ಎಸ್ರು ಬೇಕಾದ್ರೂ ಬರ್ಕಳಿ. ಆದ್ರೆ ಅವರು ಸರಿ ಮಾಡಿದ ಮ್ಯಾಲೆ ಆ ಕಾರು ಒಂದು ದಿನಾನೂ ಅಲ್ಲಾಡ್ನಿಲ್ಲ, ಅದ್ನೂ ಬರೀರಿ."

ಆ ಕಾರು ಎಂದೋ ಊರು ಬಿಟ್ಟು ಹೋಗಿದೆ. ಯಜಮಾನರ ಮಕ್ಕಳು ಯಾರಿಗೋ ಮಾರಿದರು, ಅವರು ಇನ್ಯಾರಿಗೋ. ಈಗ ಅದು ಎಲ್ಲಿದೆ, ಇದೆಯೋ ಇಲ್ಲವೋ, ಎಷ್ಟು ಮೈಲಿ ಓಡಿತು, ನನಗೆ ತಿಳಿಯದು. ಯಾರಾದರೂ ಪುರಾವೆ ಕೇಳಿದರೆ ಕೊಡಲು ನನ್ನಲ್ಲಿ ಏನೂ ಇಲ್ಲ. ಕೇಳುವವರು ಕೇಳಲಿ. ಆ ಕಾರು ಆಮೇಲೆ ಒಂದು ದಿನವೂ ಅಲ್ಲಾಡಲಿಲ್ಲ.